ನಾಲ್ಕನೇ ಟ್ರೆಂಚ್ ಯಾರದು

ಹೊಸ ಕೆಲಸದ ಮೊದಲ ದಿನ ನನ್ನ ಕೈಗೆ ಕರಣೆ ಕೊಡಲಿಲ್ಲ, ಪೆನ್ನು ಕೊಟ್ಟರು. ಹನ್ನೊಂದು ಪುಟದ ಒಪ್ಪಂದ. ಸೈಟು ಎಲ್ಲಿದೆ, ಜಮೀನು ಯಾರದು, ಅಗೆದಾಗ ಏನು ಸಿಕ್ಕಿತು, ಏನು ಸಿಗಲಿಲ್ಲ, ಇದ್ಯಾವುದನ್ನೂ ಕಂಪನಿಯ ಹೊರಗೆ ಯಾರಿಗೂ ಹೇಳುವಂತಿಲ್ಲ. ಹೆತ್ತವರಿಗೂ ಹೇಳುವಂತಿಲ್ಲ, ಮದುವೆಯಾದವರಿಗೂ ಹೇಳುವಂತಿಲ್ಲ ಎಂದು ಬಿಡಿಸಿ ಬರೆದಿದ್ದರು. ನನಗೆ ಮದುವೆ ಆಗಿರಲಿಲ್ಲವಾದ್ದರಿಂದ ಅರ್ಧ ಷರತ್ತು ಅಲ್ಲೇ ಪಾಲನೆಯಾಯಿತು.

ಸಹಿ ಹಾಕಿ, ನನಗೊಂದು ಪ್ರತಿ ಬೇಕು ಅಂದೆ. ಮುಂಬೈಯ ದಾದರಿನ ಆ ಆಫೀಸಿನಲ್ಲಿ ಈ ಮಾತನ್ನು ಅದಕ್ಕೂ ಮೊದಲು ಯಾರೂ ಆಡಿರಲಿಲ್ಲವಂತೆ. ಕಾಗದಪತ್ರ ನೋಡುವ ಹುಡುಗಿ, ಪ್ರತಿ ಕೊಡುವ ಪದ್ಧತಿ ಇಲ್ಲ ಅಂದಳು. ಓದುವುದಕ್ಕೇ ಕೊಡದ ನಿಯಮವನ್ನು ಪಾಲಿಸುವುದು ಹೇಗೆಂದು ಬರೆದುಕೊಡಿ, ಅದನ್ನೂ ಪಾಲಿಸುತ್ತೇನೆ ಅಂದೆ. ಹತ್ತು ನಿಮಿಷ ಒಳಗೆ ಹೋಗಿ ಬಂದು ಜೆರಾಕ್ಸ್ ಕೊಟ್ಟಳು. ಮನೆಗೆ, ಮುಲುಂಡಿನವರೆಗೆ, ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಅದನ್ನು ಎರಡು ಸಲ ಓದಿದೆ. ಎಂಟು ತಿಂಗಳಿಂದ ನನಗೆ ಕೆಲಸ ಇರಲಿಲ್ಲ. ಕಾಲೇಜಿನಲ್ಲಿ ಪುರಾತತ್ವ ಕಲಿಸುವ ಗುತ್ತಿಗೆ ಮುಗಿದಿತ್ತು, ಮತ್ತೆ ಕರೆಯಲಿಲ್ಲ. ಹಾಗಾಗಿ ಹನ್ನೊಂದಲ್ಲ, ನೂರಾಹನ್ನೊಂದು ಪುಟ ಇದ್ದರೂ ಆವತ್ತು ಸಹಿ ಹಾಕುತ್ತಿದ್ದೆ. ಇದನ್ನು ಮುಚ್ಚಿಟ್ಟು ನಾನು ದೊಡ್ಡವಳೆನಿಸಿಕೊಳ್ಳಬೇಕಿಲ್ಲ.

ಎಲ್ಲಿ ಕೆಲಸ ಅಂತ ಅವ್ವ ಕೇಳಿದಳು. ಹೇಳುವಂತಿಲ್ಲ ಅಂದೆ. ಏನು ಕೆಲಸ? ಅದನ್ನೂ ಹೇಳುವಂತಿಲ್ಲ. ಅವ್ವ ವಿಜಯಪುರ ಬಿಟ್ಟು ನಲವತ್ತು ವರ್ಷವಾಗಿದೆ, ಆದರೆ ಮಾತು ಅಲ್ಲಿಂದ ಕದಲಿಲ್ಲ. "ಹೇಳಬ್ಯಾಡವಾ ತಾಯಿ," ಅಂದಳು. "ಬುತ್ತಿಯೊಳಗ ಎರಡು ರೊಟ್ಟಿ ಕಟ್ಟಲೋ ನಾಕು ಕಟ್ಟಲೋ, ಅಷ್ಟರ ಹೇಳು." ಹೌಸಿಂಗ್ ಸೊಸೈಟಿಯ ಹೆಂಗಸರಿಗೆ ಅವಳು ಏನು ಹೇಳಿದಳೋ ಗೊತ್ತಿಲ್ಲ. ಎರಡನೇ ವಾರಕ್ಕೆ ಕೆಳಮನೆಯವರೊಬ್ಬರು ಲಿಫ್ಟಿನಲ್ಲಿ ನನ್ನನ್ನು ಹಿಡಿದು, ನಿಧಿ ಸಿಕ್ಕಿತೇ ಎಂದು ಪಿಸುಗುಟ್ಟಿದರು.

ಆ ಜಾಗದ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ. ಹೆದರಿ ಅಲ್ಲ. ಸಹಿ ಹಾಕಿದ್ದೇನೆ, ನನ್ನ ಕಡೆಯಿಂದ ಅದು ಮುರಿದಿಲ್ಲ. ಮುರಿದಿದೆ ಎಂದು ಕಂಪನಿಯವರು ಹೇಳುತ್ತಾರೆ, ಹೇಳಿಕೊಳ್ಳಲಿ. ಉಪನಗರದಲ್ಲಿ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಂಡೆಗೆ ಒಂದು ಹಳೇ ಕಾರ್ಖಾನೆ ಇತ್ತು ಅಂದುಕೊಳ್ಳಿ. ಕಟ್ಟಡ ಕೆಡವಿ ಜಮೀನು ಸಮ ಮಾಡಿದ್ದರು. ಅಲ್ಲಿ ಮೂರು ಟವರು, ಅವುಗಳ ಕೆಳಗೆ ಎರಡು ಅಂತಸ್ತಿನ ಪಾರ್ಕಿಂಗು ಬರಬೇಕು. ಅದಕ್ಕೂ ಮೊದಲು ನೆಲದಡಿ ಹಳೆಯ ಅವಶೇಷ ಏನೂ ಇಲ್ಲ ಎಂದು ಪುರಾತತ್ವ ಓದಿದವರೊಬ್ಬರು ವರದಿಗೆ ಸಹಿ ಹಾಕಬೇಕು. ಬಿಲ್ಡರ್ ಆ ಕೆಲಸವನ್ನು ನಮ್ಮ ಕಂಪನಿಗೆ ಕೊಟ್ಟಿದ್ದ. ಐದು ವಾರ, ಎರಡೆರಡು ಮೀಟರಿನ ಆರು ಚೌಕ ಗುಂಡಿ, ನಮ್ಮ ಮಾತಿನಲ್ಲಿ ಟ್ರೆಂಚು, ಒಂದು ಸಹಿ. ಆ ಸಹಿ ನನ್ನದು.

ಗೇಟಿನಲ್ಲಿ ಫೋನನ್ನು ಬಟ್ಟೆ ಚೀಲಕ್ಕೆ ಹಾಕಿ ಟೋಕನ್ ಕೊಡುತ್ತಿದ್ದರು. ಟಿಪ್ಪಣಿಗೆ ಪುಟಕ್ಕೆ ನಂಬರು ಹೊಡೆದ ರಿಜಿಸ್ಟರು, ಸಂಜೆ ಅದನ್ನು ವಾಪಸು ಒಪ್ಪಿಸಬೇಕು. ಅಗೆಯಲು ಒಬ್ಬಳು ಮುಕಾದಮ್ ಮಾವಶಿ, ಅಂದರೆ ಕೂಲಿಗಳ ಮೇಸ್ತ್ರಿ, ಮತ್ತು ಅವಳ ಕೈಕೆಳಗಿನ ಆರು ಹೆಂಗಸರು. ಎಲ್ಲರೂ ಸುತ್ತಲಿನ ಗುಡಿಸಲು ವಸ್ತಿಯವರು, ಮರಾಠಿ ಮಾತಾಡುವವರು. ನಕ್ಷೆ ಬರೆಯಲು ಒಬ್ಬ ಹಿರಿಯ ಡ್ರಾಫ್ಟ್ಸ್‌ಮನ್. ಉಡುಪಿ ಕಡೆಯವರು, ಮಾಟುಂಗದಲ್ಲಿ ಮನೆ. ಮೊದಲ ದಿನವೇ ಮಾಮಾ ಎಂದು ಕರೆದೆ, ಬೇಡ ಅನ್ನಲಿಲ್ಲ. ಉಬ್ಬರದ ಹೊತ್ತಿಗೆ ಖಾಡಿಯ ನೀರು ಮಣ್ಣಿನೊಳಗಿಂದ ಜಿನುಗಿ ಟ್ರೆಂಚಿಗೆ ಬರುತ್ತಿತ್ತು, ಪಂಪು ಹಚ್ಚಿ ತೆಗೆಯಬೇಕಿತ್ತು. ಹಾಗಾಗಿ ಮಾಮಾ ಜೇಬಿನಲ್ಲಿ ಉಬ್ಬರ ಇಳಿತದ ಪಟ್ಟಿ ಇಟ್ಟುಕೊಂಡಿರುತ್ತಿದ್ದರು. ನಮ್ಮ ಗಡಿಯಾರ ಅದೇ.

ಮೊದಲ ಮೂರು ಟ್ರೆಂಚಿನಲ್ಲಿ ಏನೂ ಇರಲಿಲ್ಲ. ಮೇಲೆ ಇಟ್ಟಿಗೆ ಚೂರು, ಅದರಡಿ ಬಾಯ್ಲರಿನ ಬೂದಿ, ಅದರಡಿ ಎಲ್ಲಿಂದಲೋ ತಂದು ಸುರಿದ ಮುರುಮು, ಆಮೇಲೆ ಖಾಡಿಯ ಕಪ್ಪು ಕೆಸರು. ಜರಡಿಗೆ ಬಿದ್ದದ್ದು ಸೋಡಾ ಬಾಟಲಿಯ ಗೋಲಿ, ತುಕ್ಕು ಹಿಡಿದ ನಟ್ಟು. ಪದರ ಪದರವಾಗಿ ಅಳೆದೆವು, ಬರೆದೆವು, ಮುಚ್ಚಿದೆವು.

ನಾಲ್ಕನೇ ಟ್ರೆಂಚಿಗೆ ಗುರುತು ಹಾಕಿದ್ದ ಜಾಗದಲ್ಲಿ ಯಾವುದೋ ಯಂತ್ರ ಕೂರಿಸಿದ್ದ ಕಾಂಕ್ರೀಟ್ ಬುನಾದಿ ಇತ್ತು. ಹಾರೆ ಹಾಕಿದರೆ ಕಿಡಿ ಬರುತ್ತಿತ್ತೇ ಹೊರತು ಚೂರೂ ಏಳಲಿಲ್ಲ. ಕಂಪನಿಯ ಸಾಹೇಬರು ಆ ವಾರ ಊರಿನಲ್ಲಿರಲಿಲ್ಲ. ಟ್ರೆಂಚನ್ನು ನಾಲ್ಕು ಮೀಟರ್ ಪೂರ್ವಕ್ಕೆ ಸರಿಸುತ್ತೇನೆ ಅಂದೆ. ಮಾಮಾ ತಕ್ಷಣ, ಆ ಕಡೆ ಬೇಡ, ಪಶ್ಚಿಮಕ್ಕೆ ತೆಗೆದುಕೊಳ್ಳಿ ಅಂದರು. ಯಾಕೆ ಎಂದು ಕೇಳಿದರೆ ಉಬ್ಬರದ ಪಟ್ಟಿ ತೆಗೆದು ಓದುತ್ತ ಕೂತರು. ಕಾರಣ ಹೇಳದೆ ಯಾರಾದರೂ ಬೇಡ ಅಂದರೆ ನನ್ನ ಕಾಲು ಅತ್ತಲೇ ಹೋಗುತ್ತದೆ. ಇದು ಹುಟ್ಟುಗುಣ, ಸುಟ್ಟರೂ ಹೋಗುವುದಲ್ಲ. ಪೂರ್ವಕ್ಕೇ ಸರಿಸಿದೆ, ಸರಿಸಿದ್ದನ್ನು ಕಾರಣ ಸಮೇತ ರಿಜಿಸ್ಟರಿನಲ್ಲಿ ಬರೆದೆ.

ಅಲ್ಲಿ ನಾನೊಂದು ತಪ್ಪು ಮಾಡಿದೆ. ಮೇಲಿನ ಅರ್ಧ ಮೀಟರು ತೆಗೆದ ಮೇಲೆ ಟ್ರೆಂಚಿನ ಒಂದು ಬದಿ ಗಟ್ಟಿಯಾಗಿ ಪದರ ಪದರವಾಗಿತ್ತು, ಉಳಿದದ್ದೆಲ್ಲ ಸಡಿಲ, ಬೂದಿ ಮುರುಮು ಕೆಸರು ಎಲ್ಲ ಕಲಸಿದ ಮಣ್ಣು. ಎರಡರ ನಡುವೆ ಗೀಟು ಎಳೆದಷ್ಟು ನೇರವಾದ ಗಡಿ. ಕಾರ್ಖಾನೆಯವರು ಪೈಪು ಹಾಕಲು ತೋಡಿದ್ದು ಅಂದುಕೊಂಡೆ. ಎರಡು ದಿನ ಹಾಗೆಂದೇ ಬರೆದೆ. ಮೂರನೇ ದಿನ ಮುಕಾದಮ್ ಮಾವಶಿ ಮಂಕರಿ ಕೆಳಗಿಟ್ಟು, ಆ ಗಡಿಯ ಮೇಲೆ ಅಂಗೈ ಸವರಿ, ಇದು ಪೈಪಿನವರದ್ದಲ್ಲ ಮ್ಯಾಡಮ್, ನಮ್ಮಂಥವರದೇ ಕೆಲಸ ಅಂದಳು. ನಿಜ. ಪೈಪು ಹಾಕುವವನು ಗುಂಡಿಯ ಗೋಡೆಯನ್ನು ಕರಣೆಯಿಂದ ಕೆರೆದು ನುಣುಪು ಮಾಡುತ್ತ ಕೂರುವುದಿಲ್ಲ. ಮೂಲೆ ಹುಡುಕಿದೆ. ಮೂಲೆಯಲ್ಲಿ ಕಬ್ಬಿಣದ ಗೂಟ, ಗೂಟಕ್ಕೆ ಸುತ್ತಿದ ನೀಲಿ ನೈಲಾನ್ ದಾರದ ತುಂಡು. ಅಲ್ಲಿಂದ ಎರಡು ಮೀಟರಿಗೆ ಇನ್ನೊಂದು ಗೂಟ. ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದವಳು, ನನ್ನದೇ ಕಸುಬಿನ ಗುಂಡಿಯೊಳಗೆ ನಿಂತು ಅದನ್ನು ಪೈಪು ಅಂದಿದ್ದೆ. ನನಗೆ ನಾನೇ ಛೀಮಾರಿ ಹಾಕಿಕೊಂಡೆ. ರಿಜಿಸ್ಟರಿನಲ್ಲಿ ಪೈಪು ಎಂಬ ಶಬ್ದದ ಮೇಲೆ ಒಂದೇ ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಮಾಡಿದೆ. ನಮ್ಮಲ್ಲಿ ತಪ್ಪನ್ನು ಅಳಿಸುವಂತಿಲ್ಲ, ಓದಲು ಬರುವಂತೆ ಹೊಡೆದುಹಾಕಬೇಕು.

ಸಡಿಲ ಮಣ್ಣನ್ನು ಪೂರ್ತಿ ತೆಗೆಸಿದೆ. ಆಳೆತ್ತರದಷ್ಟು ಕೆಳಗೆ ಹೋದಾಗ ನೀಲಿ ಪ್ಲಾಸ್ಟಿಕ್ ಹಾಳೆ ಕಂಡಿತು. ಮಡಿಕೆ ಬೀಳದಂತೆ ಹಾಸಿ, ನಾಲ್ಕೂ ಮೂಲೆಗೆ ಕಲ್ಲು ಇಟ್ಟಿದ್ದರು. ನಡುವೆ ಒಂದು ಎರಡು ರೂಪಾಯಿ ನಾಣ್ಯ.

ಇದು ನಮ್ಮ ಕಸುಬಿನ ರೂಢಿ. ಟ್ರೆಂಚನ್ನು ಅರ್ಧಕ್ಕೆ ಬಿಟ್ಟು ಮುಚ್ಚುವ ಪ್ರಸಂಗ ಬಂದರೆ, ತಳದಲ್ಲಿ ಹಾಳೆ ಹಾಸಿ ಆ ವರ್ಷದ ನಾಣ್ಯವೊಂದನ್ನು ಇಡುತ್ತೇವೆ. ಮುಂದೆ ಎಂದೋ ಅಗೆಯುವವರಿಗೆ, ಇಂಥ ಇಸವಿಯಲ್ಲಿ ಇಲ್ಲಿಯವರೆಗೆ ಬಂದಿದ್ದೆವು, ಇದರ ಕೆಳಗಿನದನ್ನು ನಾವು ಮುಟ್ಟಿಲ್ಲ ಎಂದು ತಿಳಿಯಲಿ ಅಂತ. ಒರೆಸಿ ನೋಡಿದೆ. ನಾಲ್ಕು ವರ್ಷದ ಹಿಂದಿನ ಇಸವಿ. ಈ ಜಮೀನನ್ನು ಯಾರೂ ಅಗೆದಿಲ್ಲ ಎಂದು ಕಂಪನಿ ನನಗೆ ಬರೆದುಕೊಟ್ಟಿತ್ತು.

ಹಾಳೆ ಎತ್ತಿದಾಗ ಕೆಳಗೆ ಬಾವಿ ಇತ್ತು. ಸುಟ್ಟ ಮಣ್ಣಿನ ದೊಡ್ಡ ಬಳೆಗಳನ್ನು ಒಂದರ ಮೇಲೊಂದು ಇಳಿಸಿ ಕಟ್ಟಿದ ಬಾವಿ. ಮೂರು ಬೆರಳು ದಪ್ಪ, ಗೇಣುದ್ದ ಎತ್ತರದ ಬಳೆಗಳು, ಒಬ್ಬರು ಒಳಗಿಳಿದು ಕೂರುವಷ್ಟು ಅಗಲ. ಅದರ ಬಾಯಿಯ ಸುತ್ತ ಮಡಕೆ ಚೂರು. ಒಂದನ್ನು ತಿರುಗಿಸಿ ನೋಡಿದರೆ ಒಳಮೈಗೆ ಕಪ್ಪಗೆ ಡಾಂಬರು ಬಳಿದಿತ್ತು. ಅಂಥ ಜಾಡಿ ಇಲ್ಲಿ ಮಾಡುತ್ತಿರಲಿಲ್ಲ, ಪರ್ಷಿಯಾದ ಕಡೆಯಿಂದ ಹಡಗಿನಲ್ಲಿ ಬರುತ್ತಿದ್ದವು. ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ ಈ ಖಾಡಿಗೆ ದೂರದ ಸರಕು ಬಂದಿತ್ತು, ಬಂದವರು ಕುಡಿಯಲು ಇಲ್ಲಿ ಸಿಹಿನೀರಿತ್ತು. ಸಂತೋಷಪಡಬೇಕೋ ಸಿಟ್ಟಾಗಬೇಕೋ ಆಗ ತಿಳಿಯಲಿಲ್ಲ.

ಮಾಮಾ ಮೇಲೆ ನಿಂತಿದ್ದರು. ನಕ್ಷೆಯ ಹಲಗೆ ಕೈಯಲ್ಲಿತ್ತು, ಪೆನ್ಸಿಲು ಆಡುತ್ತಿರಲಿಲ್ಲ.

"ಮಾಮಾ, ಇದು ನಿಮಗ ಗೊತ್ತಿತ್ತೇನ್ರಿ?"

"ನಾನು ಎಂತದೂ ಹೇಳ್ಲಿಲ್ಲ," ಅಂದರು. "ನೀವೇ ಅಗ್ದದ್ದು, ನೀವೇ ಕಂಡದ್ದು."

"ಆವಾಗಿನ ನಕ್ಷೆನೂ ನೀವ ಬರದಿದ್ರಿ?"

"ನಿವೃತ್ತಿಗೆ ಒಂದೂವರೆ ವರ್ಷ ಉಂಟು ಮಾರಾಯ್ರೆ. ಸಹಿ ಹಾಕಿದ್ದೇನೆ. ನನ್ನತ್ರ ಕೇಳ್ಬೇಡಿ."

ಆಗ ಅಗೆದವರು ಯಾರು ಎಂದು ಕೇಳಿದೆ. ತಲೆ ಅಲ್ಲಾಡಿಸಿದರು. ಸಹಿ ಬಾಯಿಗೆ ಹಾಕಿದ್ದೀರಿ, ಕಣ್ಣಿಗೂ ಹಾಕಿದ್ದೀರೇನು ಅಂದುಬಿಟ್ಟೆ. ಹಿರಿಯರಿಗೆ ಆಡುವ ಮಾತಲ್ಲ. ಅವರು ಟೇಪು ಹಿಡಿದು ಟ್ರೆಂಚಿಗಿಳಿದು ಬಾವಿಯ ಅಳತೆ ತೆಗೆದುಕೊಳ್ಳತೊಡಗಿದರು. ಪ್ರತಿ ಬಳೆಯ ಬಿರುಕನ್ನೂ ಬಿಡದೆ ಬರೆದರು. ಉಬ್ಬರ ಏರಿ ನೀರು ಪಾದ ಮುಟ್ಟುವವರೆಗೂ ಮೇಲೆ ಹತ್ತಲಿಲ್ಲ.

ಸಾಹೇಬರು ಮರುದಿನ ಬಂದರು. ದನಿ ಎತ್ತಿ ಮಾತಾಡುವವರಲ್ಲ. ಟ್ರೆಂಚಿನೊಳಗೆ ಬಗ್ಗಿ ನೋಡಿ, ಚಂದ ಅಗೆದಿದ್ದೀರಿ ಎಂದು ಹೊಗಳಿದರು. ಆಮೇಲೆ ಸೈಟಿನ ಆಫೀಸಾಗಿದ್ದ ಕಂಟೇನರಿನೊಳಗೆ ಕೂರಿಸಿ ಚಹಾ ತರಿಸಿ ವಿವರಿಸಿದರು. ಇದು ಒಮ್ಮೆ ಕದಡಿದ ನೆಲ, ಕದಡಿದ ನೆಲಕ್ಕೆ ಪುರಾವೆಯ ಬೆಲೆ ಇಲ್ಲ. ಮುಂಬೈ ತುಂಬ ಇಂಥ ಮಣ್ಣಿನ ಬಳೆ ಇರುತ್ತವೆ. ವರದಿಯಲ್ಲಿ ಗಮನಾರ್ಹ ಅವಶೇಷ ಕಂಡುಬಂದಿಲ್ಲ ಎಂದು ಬರೆದರೆ ಸಾಕು. ಕದಡಿದ್ದು ಮೇಲಿನ ಮಣ್ಣು, ಹಾಳೆಯ ಕೆಳಗಿನದನ್ನು ಯಾರೂ ಮುಟ್ಟಿಲ್ಲ, ಅದನ್ನು ಹೇಳುವುದಕ್ಕೇ ಅವರು ಹಾಳೆ ಹಾಸಿದ್ದು ಅಂದೆ. ಮೊದಲು ಅಗೆದವರು ಯಾರು ಎಂದೂ ಕೇಳಿದೆ. ಅದು ಗೋಪ್ಯ ಅಂದರು. ಅವರು ಇಂಥ ವರದಿಗೆ ಸಹಿ ಹಾಕಲಿಲ್ಲವೇ ಅಂದೆ. ಸಾಹೇಬರು ಚಹಾದ ಕಪ್ಪನ್ನು ಸ್ವಲ್ಪ ಸರಿಸಿದರು. ಅಷ್ಟರಲ್ಲೇ ನನಗೆ ಉತ್ತರ ಸಿಕ್ಕಿತು. ಮೊದಲಿನವರು ಒಪ್ಪಲಿಲ್ಲ, ಅವರನ್ನು ಕೆಲಸದಿಂದ ಕಳಿಸಿದರು. ಈ ಸಲ ಟ್ರೆಂಚಿನ ಗುರುತುಗಳನ್ನು ಆ ಜಾಗ ತಪ್ಪಿಸಿ ಹಾಕಿದರು. ಎಂಟು ತಿಂಗಳು ಕೆಲಸ ಇಲ್ಲದವಳನ್ನು ಹುಡುಕಿ ತಂದರು.

ರಿಜಿಸ್ಟರಿನಲ್ಲಿ ಈ ಟ್ರೆಂಚಿನ ನಾಲ್ಕು ಪುಟವನ್ನು ಬೇರೆ ಹಾಳೆಯ ಮೇಲೆ ಹೊಸದಾಗಿ ಬರೆದುಕೊಡಿ ಅಂದರು. ಪುಟಕ್ಕೆ ನಂಬರು ಹೊಡೆಸಿದವರು ನೀವೇ, ಈಗ ಮೂವತ್ತೇಳರ ಮುಂದೆ ನಲವತ್ತೆರಡು ಬಂದರೆ ಲೆಕ್ಕ ತಪ್ಪುತ್ತದೆ ಅಂದೆ. ಅವರು ನಕ್ಕರು. ಈ ಊರಿನಲ್ಲಿ ನಮ್ಮ ಕ್ಷೇತ್ರ ಬಹಳ ಸಣ್ಣದು, ಎಲ್ಲರಿಗೂ ಎಲ್ಲರೂ ಗೊತ್ತು, ಸೋಮವಾರದ ತನಕ ಯೋಚಿಸಿ ಅಂದರು.

ಮನೆಗೆ ಬಂದು ಅನ್ನ ಕಲಸುತ್ತ ಕೂತವಳು ಎದ್ದುಬಿಟ್ಟೆ. ಎದ್ದವಳು ಮತ್ತೆ ಕೂತೆ. ಅವ್ವ ಎರಡು ಸಲ ನೋಡಿದಳು. ಏನೆಂದು ಹೇಳುವಂತಿಲ್ಲವಲ್ಲ. ಸುಳ್ಳೊಂದಕ್ಕೆ ನನ್ನ ಸಹಿ ಕೇಳುತ್ತಿದ್ದಾರೆ, ಹಾಕದಿದ್ದರೆ ಕೆಲಸ ಹೋಗುತ್ತದೆ ಎಂದಷ್ಟೇ ಹೇಳಿದೆ.

"ಕೆಲಸ ಹೋದ್ರ ಹೋಗಲಿ ಅಂತ ನಾ ಅನ್ನಾಂಗಿಲ್ಲ," ಅಂದಳು ಅವ್ವ. "ಎಂಟ ತಿಂಗಳು ನೀ ಹ್ಯಾಂಗ ಇದ್ದಿ, ನಾ ನೋಡೇನಿ. ಆದ್ರ ಸುಳ್ಳು ಅವರದು, ಹೆಸರು ನಿಂದ್ಯಾಕ? ಅವರ ಹೆಸರು ಅವರು ಬರಕೊಳ್ಳಲಿ."

ಊಟ ಮುಗಿಸಿ ಒಪ್ಪಂದದ ಜೆರಾಕ್ಸ್ ತೆಗೆದೆ. ಒಂಬತ್ತನೇ ಕಲಮಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು: ಕಾನೂನಿನ ಪ್ರಕಾರ ತಿಳಿಸಲೇಬೇಕಾದ ಸಂದರ್ಭವನ್ನು ಹೊರತುಪಡಿಸಿ. ವಕೀಲರು ರೂಢಿಗೆ ಸೇರಿಸುವ ಮಾತು, ಯಾರೂ ಓದುವುದಿಲ್ಲ. ನೆಲದಲ್ಲಿ ಹುದುಗಿದ ಬೆಲೆಯುಳ್ಳ ವಸ್ತು ಸಿಕ್ಕರೆ, ಸಿಕ್ಕವರು ಜಿಲ್ಲಾಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಬೇಕು ಎಂದು ಬ್ರಿಟಿಷರ ಕಾಲದಿಂದ ಕಾಯ್ದೆ ಇದೆ. ನಾನೇ ಅದನ್ನು ಬೋರ್ಡಿನ ಮೇಲೆ ಬರೆದು ಪರೀಕ್ಷೆಗೆ ಕೇಳಿದ್ದೆ. ಚಿನ್ನವೇ ಆಗಬೇಕೆಂದಿಲ್ಲ. ಅಂದರೆ ನಾನು ಬಾಯಿ ಮುಚ್ಚಿಕೊಂಡರೆ ತಪ್ಪು ನನ್ನದೇ.

ಪತ್ರಿಕೆಯವರಿಗೆ ಫೋನು ಮಾಡಲಿಲ್ಲ. ಫೋಟೋ ನನ್ನಲ್ಲಿ ಇರಲೂ ಇಲ್ಲ. ಸೋಮವಾರ ಬೆಳಿಗ್ಗೆ ಸೈಟಿಗೆ ಹೋಗುವ ಬದಲು ಜಿಲ್ಲಾಧಿಕಾರಿ ಕಚೇರಿಗೆ ಹೋದೆ. ಏನು ಸಿಕ್ಕಿತು, ಎಲ್ಲಿ, ಯಾವ ದಿನ, ಎಷ್ಟು ಆಳದಲ್ಲಿ, ಕಾಯ್ದೆ ಕೇಳುವಷ್ಟೇ ಒಂದೂವರೆ ಪುಟ. ಟಪಾಲು ತೆಗೆದುಕೊಳ್ಳುವವರು ಓದಿ, ಬಂಗಾರ ಎಷ್ಟು ತೊಲ ಅಂತ ಕೇಳಿದರು. ಮಣ್ಣು ಅಂದೆ. ಮಣ್ಣಿಗೆ ಅರ್ಜಿಯೇ ಎಂದು ನಕ್ಕರು, ಆದರೂ ಮುದ್ರೆ ಒತ್ತಿದರು. ಮುದ್ರೆ ಬಿದ್ದ ಪ್ರತಿಯನ್ನು ಹಿಡಿದು ನೇರ ದಾದರಿಗೆ ಹೋಗಿ ಸಾಹೇಬರ ಮೇಜಿನ ಮೇಲೆ ಇಟ್ಟೆ. ಬೆನ್ನ ಹಿಂದೆ ಮಾಡುವ ಕೆಲಸ ಅದಲ್ಲ.

ಅವರು ಮೊದಲ ಸಲ ದನಿ ಏರಿಸಿದರು. ಸಂಜೆಯೊಳಗೆ ನನ್ನ ಗುರುತಿನ ಕಾರ್ಡು ರದ್ದಾಯಿತು, ಕೆಲಸ ಹೋಯಿತು. ಎರಡು ದಿನಕ್ಕೆ ವಕೀಲರ ನೋಟಿಸು ಬಂತು, ಗೋಪ್ಯತೆ ಮುರಿದದ್ದಕ್ಕೆ ನಷ್ಟ ಕಟ್ಟಿಕೊಡಬೇಕಂತೆ. ಒಂಬತ್ತನೇ ಕಲಮನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿ, ಅವರದೇ ಒಪ್ಪಂದದ ಜೆರಾಕ್ಸನ್ನು ವಾಪಸು ಕಳಿಸಿದೆ. ಧೈರ್ಯ ಇತ್ತು ಎನ್ನಲಾರೆ. ಪೋಸ್ಟ್‌ಮನ್ ಬೆಲ್ ಮಾಡಿದರೆ ಅವ್ವನನ್ನೇ ಬಾಗಿಲಿಗೆ ಕಳಿಸುತ್ತಿದ್ದೆ. ಅದಕ್ಕಿಂತ ಹೆಚ್ಚು ಕಾಡಿದ್ದು ಬಾವಿ. ಒಂದು ಜೆಸಿಬಿ, ಹತ್ತು ನಿಮಿಷ, ಆಮೇಲೆ ನಾನು ಸುಳ್ಳುಗಾರ್ತಿ.

ಹತ್ತನೇ ದಿನಕ್ಕೆ ಪುರಾತತ್ವ ಇಲಾಖೆಯಿಂದ ಕರೆ ಬಂತು. ಸ್ಥಳ ತನಿಖೆ, ನೀವು ಬಂದು ಜಾಗ ತೋರಿಸಬೇಕು ಅಂದರು. ಹೋಗಿ ನೋಡಿದರೆ ಗೇಟಿನಿಂದ ಖಾಡಿಯವರೆಗೆ ಎಲ್ಲ ಒಂದೇ ಸಮ. ನಾಲ್ಕನೇ ಟ್ರೆಂಚನ್ನೂ ಮುಚ್ಚಿ ಎಲ್ಲದರ ಮೇಲೆ ಕಲ್ಲುಪುಡಿ ಹರಡಿ ರೋಲರ್ ಓಡಿಸಿದ್ದರು. ಇಲಾಖೆಯ ಅಧಿಕಾರಿ ರಿಜಿಸ್ಟರ್ ಕೇಳಿದರು. ಹೆಡ್ ಆಫೀಸಿನಲ್ಲಿದೆ, ಹುಡುಕಿಸುತ್ತಿದ್ದೇವೆ ಎಂದರು ಸಾಹೇಬರು. ಹುಡುಕಲಿ ಬಿಡಿ, ನನಗೆ ಅದು ಬೇಕಿಲ್ಲ ಅಂದೆ. ಕಾಂಕ್ರೀಟ್ ಬುನಾದಿಯನ್ನು ಯಾರಿಂದಲೂ ಎಬ್ಬಿಸಲಾಗಿರಲಿಲ್ಲ, ಅದರ ಅಂಚು ಕಲ್ಲುಪುಡಿಯ ನಡುವೆ ಕಾಣುತ್ತಿತ್ತು. ಅಲ್ಲಿಂದ ಟೇಪು ಹಿಡಿದು ನಾಲ್ಕು ಮೀಟರ್ ಪೂರ್ವಕ್ಕೆ ಅಳೆದು, ಇಲ್ಲಿ ತೆಗೆಯಿರಿ ಅಂದೆ.

ಮುಕಾದಮ್ ಮಾವಶಿಯ ಹೆಂಗಸರೇ ತೆಗೆದರು. ಮೂರು ಗಂಟೆ ಹಿಡಿಯಿತು. ನನ್ನನ್ನು ಟ್ರೆಂಚಿಗೆ ಇಳಿಯಗೊಡಲಿಲ್ಲ, ದಾರದ ಆಚೆ ನಿಂತು ನೋಡಿದೆ. ಮೊದಲು ಬಂದದ್ದು ಒಡೆದ ಮಣ್ಣಿನ ಬಳೆಯ ತುಂಡು. ಅಂಚು ಹೊಸದಾಗಿ ಕೆಂಪಗಿತ್ತು, ಜೆಸಿಬಿಯ ಹಲ್ಲು ತಾಗಿದ್ದು. ಸಾಹೇಬರು ಅಧಿಕಾರಿಯ ಕಡೆ ತಿರುಗಿ, ಮೊದಲೇ ಹೇಳಿದೆನಲ್ಲ, ಕದಡಿದ ನೆಲ ಅಂದರು. ಮಾವಶಿ ಅವರ ಮುಖ ನೋಡಲೂ ಇಲ್ಲ, ಕೈಯಿಂದಲೇ ಮಣ್ಣು ಸರಿಸುತ್ತ ಹೋದಳು. ಒಡೆದದ್ದು ಮೇಲಿನ ಒಂದೇ ಬಳೆ. ಅದರಡಿ ಎರಡನೆಯದು, ಮೂರನೆಯದು, ನಾಲ್ಕನೆಯದು ಇಟ್ಟ ಹಾಗೇ ಇದ್ದವು. ಬಾವಿಯೊಳಗೆ ಖಾಡಿಯ ನೀರು ನಿಧಾನ ಏರುತ್ತಿತ್ತು.

ಅಧಿಕಾರಿ ಮಂಡಿಯೂರಿ ಬಹಳ ಹೊತ್ತು ನೋಡಿದರು. ಎದ್ದು, ಈ ಭಾಗದಲ್ಲಿ ಕೆಲಸ ನಿಲ್ಲಿಸಿ ಅಂದರು. ಆಮೇಲೆ ಕಾರಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಪಂಚನಾಮೆ ಬರೆಯತೊಡಗಿದರು. ಜಾಗ, ಆಳ, ವಸ್ತು. ಮುಂದಿನ ಅಂಕಣ, ಶೋಧಿಸಿದವರ ಹೆಸರು. ನನ್ನ ಕಡೆ ನೋಡಿ, ನಿಮ್ಮ ಪೂರ್ತಿ ಹೆಸರು ಹೇಳಿ ಅಂದರು.

ನಾನಲ್ಲ ಅಂದೆ. ನನಗಿಂತ ನಾಲ್ಕು ವರ್ಷ ಮೊದಲು ಒಬ್ಬರು ಇದನ್ನು ಕಂಡಿದ್ದಾರೆ, ಸುಳ್ಳಿಗೆ ಸಹಿ ಹಾಕಲಿಲ್ಲ, ಅದಕ್ಕೇ ಅವರ ಹೆಸರು ಎಲ್ಲೂ ಇಲ್ಲ. ಮೊದಲು ಅದನ್ನು ಬರೆಯಿರಿ, ನನ್ನದು ಆಮೇಲೆ. ಹೆಸರು ಕಂಪನಿಗೆ ಗೊತ್ತು.

ಅಧಿಕಾರಿ ಸಾಹೇಬರನ್ನು ನೋಡಿದರು. ಹಳೆಯ ಕಡತ ನೋಡಬೇಕು, ಆಗಿನ ಸಿಬ್ಬಂದಿ ಈಗ ಇಲ್ಲ, ತಕ್ಷಣಕ್ಕೆ ಹೇಳುವುದು ಕಷ್ಟ ಅಂದರು ಸಾಹೇಬರು. ಹಾಗಾದರೆ ಸದ್ಯ ಈ ಅಂಕಣ ಖಾಲಿ ಬಿಡೋಣ ಎಂದು ಅಧಿಕಾರಿ ಪೆನ್ನು ಮುಂದೆ ಸರಿಸಿದರು.

"ಖಾಲಿ ಬಿಡುದು ಬೇಡ."

ಮಾಮಾ. ಬೆಳಗಿನಿಂದ ನಕ್ಷೆಯ ಹಲಗೆ ಹಿಡಿದು ಎಲ್ಲರ ಹಿಂದೆ ನಿಂತವರು. ಬಾಯಿಗೆ ಬಂದದ್ದು ಕನ್ನಡ, ಅದು ಅಲ್ಲಿ ನನ್ನೊಬ್ಬಳಿಗೆ ಮಾತ್ರ ತಿಳಿಯಿತು. ಅವರು ಮುಂದೆ ಬಂದು ಅದನ್ನೇ ಮರಾಠಿಯಲ್ಲಿ ಹೇಳಿದರು. ಸಾಹೇಬರು ಅವರ ಹೆಸರು ಹಿಡಿದು ಮೆಲ್ಲಗೆ ಕರೆದರು, ಎಚ್ಚರಿಸುವ ಹಾಗೆ. ಮಾಮಾ ಅತ್ತ ತಿರುಗಲಿಲ್ಲ. ಹಲಗೆಯ ಹಾಳೆಗಳ ಅಡಿಯಿಂದ ಅಂಚು ಹಳದಿಯಾದ ಒಂದು ನಕ್ಷೆ ತೆಗೆದು ಬಾನೆಟ್ಟಿನ ಮೇಲೆ ಬಿಡಿಸಿದರು. ಅದೇ ಬಾವಿ, ಅದೇ ಬಿರುಕುಗಳು, ಮೂಲೆಯಲ್ಲಿ ಎರಡು ಸಹಿ, ಒಂದು ಅವರದೇ. ಇನ್ನೊಂದರ ಮೇಲೆ ಬೆರಳಿಟ್ಟು, ಮೊದಲು ಅಗೆದ ಆ ಹೆಣ್ಣುಮಗಳ ಹೆಸರು ಹೇಳಿದರು. ತಂದೆಯ ಹೆಸರು, ಅಡ್ಡಹೆಸರು ಸಮೇತ, ಅಧಿಕಾರಿ ಬರೆದುಕೊಳ್ಳಲು ಅನುಕೂಲವಾಗುವಂತೆ ನಿಧಾನವಾಗಿ, ಎರಡು ಸಲ.

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ, ಅದು ಆಕೆಯದು. ಆದರೆ ಸರಕಾರಿ ಕಾಗದದ ಮೇಲೆ ಅದು ಇದೆ. ನನ್ನ ಹೆಸರು ಅದರ ಕೆಳಗಿನ ಸಾಲಿನಲ್ಲಿದೆ.